ಹಬ್ಬಕ್ಕೆ ಮೊದಲಿನ ಬಾಣಲೆ: ಕರ್ನಾಟಕದ ಕುರುಕಲು ತಿಂಡಿಗಳ ಚರಿತ್ರೆ

ಗೋಕುಲಾಷ್ಟಮಿಗೆ ಚಕ್ಕುಲಿ, ಕೋಡುಬಳೆ, ತೇಂಗೊಳಲು. ನಾಗರಪಂಚಮಿಗೆ ಬಗೆಬಗೆಯ ಉಂಡಿ. ದೀಪಾವಳಿಗೆ ಶಂಕರಪೋಳಿ, ಅವಲಕ್ಕಿ ಚೂಡಾ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಹಪ್ಪಳ, ಸಂಡಿಗೆ. ಕರ್ನಾಟಕದ ಮನೆಗಳಲ್ಲಿ ಅತಿಥಿ ಸತ್ಕಾರ ಅತಿಥಿ ಬಾಗಿಲಿಗೆ ಬರುವ ಎಷ್ಟೋ ದಿನ ಮೊದಲೇ ಶುರುವಾಗಿರುತ್ತದೆ. ಬಂದವರು ಕೂತ ಕೂಡಲೇ ಡಬ್ಬದ ಮುಚ್ಚಳ ತೆಗೆದು ತಟ್ಟೆಗೆ ಹಾಕಿಕೊಡುವ ಈ ತಿನಿಸುಗಳಿಗೂ ಒಂದು ದೀರ್ಘ ಚರಿತ್ರೆಯಿದೆ. ಗ್ರಂಥಗಳ ಸಾಕ್ಷ್ಯ, ಬೆಳೆಗಳ ಪಯಣ, ಮನೆಗಳ ರೂಢಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಖಚಿತವಾಗುತ್ತದೆ. ಪದಾರ್ಥಗಳು ಶತಮಾನದಿಂದ ಶತಮಾನಕ್ಕೆ ಬದಲಾಗಿವೆ. ತಿನಿಸಿನ ನೀರಿನಂಶ ತೆಗೆದು ಅದನ್ನು ಉಳಿಸುವ ಜಾಣ್ಮೆ ಮಾತ್ರ ಹಾಗೇ ಇದೆ. ಆ ಜಾಣ್ಮೆಯನ್ನು ಕಾಪಾಡಿಕೊಂಡು ಬಂದವರು ಮನೆಯ ಹೆಂಗಸರು.

ಗ್ರಂಥಗಳು ಹೇಳುವುದೇನು?

ಬಂದವರಿಗೆ ತಿಂಡಿ ಕೊಟ್ಟು ಉಪಚರಿಸುವ ಚಿತ್ರ ಕನ್ನಡದ ಹಳೆಯ ಗದ್ಯಕೃತಿ 'ವಡ್ಡಾರಾಧನೆ'ಯಲ್ಲೇ ಸಿಗುತ್ತದೆ. ಮನೆಗೆ ಬಂದ ಬ್ರಹ್ಮಚಾರಿಗೆ ಗೃಹಿಣಿ ನೀಡುವ ತಿನಿಸುಗಳ ಸಾಲಿನಲ್ಲಿ ಇಡ್ಡಲಿಗೆಯ ಹೆಸರಿದೆ. ಅದು ಆಗಲೇ ತಿನ್ನುವಂಥದ್ದು. ಇಟ್ಟು ತಿನ್ನುವ ತಿಂಡಿಗಳ ಜಾಡು ಹಿಡಿಯಲು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ಕ್ಕೆ ಬರಬೇಕು. 12ನೇ ಶತಮಾನದ ಮೊದಲ ಭಾಗದ ಈ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ 'ಪೂರಿಕಾ' ಎಂಬ ತಿನಿಸಿದೆ. ಕಡಲೆ ಹಿಟ್ಟಿಗೆ ಇಂಗು, ಉಪ್ಪು, ಕಾಳುಮೆಣಸು ಬೆರೆಸಿ ನಾದಿ, ಬಿಲ್ಲೆ ಮಾಡಿ, ಎಣ್ಣೆಯಲ್ಲಿ ಕರಿಯುವ ಈ ಕ್ರಮ ಇಂದಿನ ನಿಪ್ಪಟ್ಟಿನ ಕ್ರಮಕ್ಕೆ ಬಹಳ ಹತ್ತಿರ.

ಕನ್ನಡದಲ್ಲೇ ಪಾಕವನ್ನು ಪೂರ್ಣ ವಿಷಯವಾಗಿ ತೆಗೆದುಕೊಂಡವನು ಮೂರನೇ ಮಂಗರಸ. ಸುಮಾರು 1508ರಲ್ಲಿದ್ದ ಈ ಜೈನ ಕವಿ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ತಿನಿಸುಗಳು. ಅಡುಗೆಯ ಗ್ರಂಥವನ್ನು ಹಿಟ್ಟಿನಿಂದಲೇ ಆರಂಭಿಸಿದ್ದು ಆ ಕಾಲದಲ್ಲಿ ಇವಕ್ಕಿದ್ದ ಸ್ಥಾನವನ್ನು ತೋರಿಸುತ್ತದೆ.

ಕರಿದ ತಿನಿಸಿಗೆ ಧರ್ಮಶಾಸ್ತ್ರದ ಬೆಂಬಲವೂ ಇತ್ತು. ಹಳಸಿದ್ದನ್ನು ತಿನ್ನಬಾರದೆಂಬ ನಿಯಮಕ್ಕೆ ಮನುಸ್ಮೃತಿಯ ಐದನೇ ಅಧ್ಯಾಯ ಒಂದು ವಿನಾಯಿತಿ ಕೊಡುತ್ತದೆ: ಎಣ್ಣೆ ಅಥವಾ ತುಪ್ಪದ ಜಿಡ್ಡು ಸೇರಿದ ತಿನಿಸು ಹಿಂದಿನ ದಿನದ್ದಾದರೂ ತಿನ್ನಬಹುದು. ಮಡಿ ಪಾಲಿಸುವ ಮನೆಗಳಲ್ಲಿ ನೀರಿನಲ್ಲಿ ಬೆಂದ ಅನ್ನಕ್ಕೆ ಮುಸುರೆಯ ಕಟ್ಟು ಬಿಗಿಯಾಗಿದ್ದರೂ ಚಕ್ಕುಲಿ, ಕೋಡುಬಳೆಗಳು ವಾರಗಟ್ಟಲೆ ಡಬ್ಬದಲ್ಲಿ ಇರಲು ಸಾಧ್ಯವಾದದ್ದರ ಹಿಂದೆ ಇಂಥ ವಿನಾಯಿತಿಯೂ ಇದೆ.

ಹಡಗಿನಲ್ಲಿ ಬಂದ ಖಾರ

ಮಂಗರಸನ ಅಡುಗೆಯಲ್ಲಿ ಖಾರವೆಂದರೆ ಕಾಳುಮೆಣಸು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ ಈ ಕರಾವಳಿಗೆ ಇಳಿದದ್ದು ಅದರ ನಂತರ. ಹೀಗಾಗಿ 'ಸೂಪಶಾಸ್ತ್ರ' ಹೊಸ ಖಾರ ಬರುವ ಮುಂಚಿನ ಕನ್ನಡ ಅಡುಗೆಮನೆಯ ಕೊನೆಯ ದೊಡ್ಡ ದಾಖಲೆಗಳಲ್ಲಿ ಒಂದು. ಕೆಂಪಗೆ ಹೊಳೆಯುವ ಕೋಡುಬಳೆಯಾಗಲಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸಿನಕಾಯಿಯಾಗಲಿ ಅವನಿಗೆ ಗೊತ್ತಿರಲು ಸಾಧ್ಯವಿಲ್ಲ.

ನಿಪ್ಪಟ್ಟಿನ ಕಡಲೆಕಾಯಿ ಬೀಜವೂ ದಕ್ಷಿಣ ಅಮೆರಿಕದ್ದೇ. ದಕ್ಷಿಣ ಭಾರತದಲ್ಲಿ ಅದರ ಬೇಸಾಯ ವ್ಯಾಪಕವಾದದ್ದು 19ನೇ ಶತಮಾನದಲ್ಲಿ. ಕಡಲೆಕಾಯಿ ಎಣ್ಣೆ ಬಾಣಲೆಗೆ ಬಂದದ್ದೂ ಆ ಬೆಳೆಯ ಬೆನ್ನಿಗೆ. ಮರಗೆಣಸಿನಿಂದ ಮಾಡುವ ಸಬ್ಬಕ್ಕಿ ಸೇಲಂ ಸುತ್ತ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 1940ರ ದಶಕದಲ್ಲಿ. ಅಕ್ಕಿ, ಉದ್ದು, ಎಳ್ಳು, ಇಂಗು, ಓಮ ಹಳೆಯವು. ಪುರಾತನವೆಂದು ಕಾಣುವ ತಟ್ಟೆಯಲ್ಲಿ ಹಲವು ಕಾಲದ ಪದಾರ್ಥಗಳು ಹೀಗೆ ಒಟ್ಟಿಗೆ ಕೂತಿವೆ.

ಕೆಡದಿರುವುದರ ಗುಟ್ಟು

ಬಾಣಲೆಗೆ ಹಾಕಿದ ಚಕ್ಕುಲಿಯ ಸುತ್ತ ಏಳುವ ನೊರೆ ಹಿಟ್ಟಿನ ನೀರು ಆವಿಯಾಗಿ ಹೊರಬರುವುದರ ಗುರುತು. ನೊರೆ ಅಡಗಿದ ಮೇಲೆ ತೆಗೆಯಬೇಕೆಂದು ಹಿರಿಯರು ಹೇಳುವುದು ಇದಕ್ಕೇ. ನೀರಿಲ್ಲದ ಕಡೆ ಬೂಷ್ಟು ಬೆಳೆಯದು. ಉರಿ ಜೋರಾದರೆ ಮೇಲ್ಭಾಗ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಅಂಥದ್ದು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಹಿಟ್ಟಿಗೆ ಕಾಯಿಸಿದ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕಿ ತಿಕ್ಕುವುದರಿಂದ ತಿನಿಸು ಗಟ್ಟಿಯಾಗದೆ ಗರಿಗರಿಯಾಗುತ್ತದೆ. ಹಸಿ ತೆಂಗಿನಕಾಯಿ ಬಿಟ್ಟು ಕೊಬ್ಬರಿ ಬಳಸುವುದು, ಬಹುಕಾಲ ಇಡಬೇಕಾದದ್ದಕ್ಕೆ ಈರುಳ್ಳಿ ಹಾಕದಿರುವುದು, ಇವೂ ಅದೇ ತರ್ಕದ ಮುಂದುವರಿಕೆ. ಈರುಳ್ಳಿ ತುಂಬಿದ ಮದ್ದೂರು ವಡೆ ನಿಪ್ಪಟ್ಟಿನಷ್ಟು ದಿನ ಬಾಳುವುದಿಲ್ಲ. ಸಂಡಿಗೆಯಲ್ಲಿ ಎಣ್ಣೆ ಮಾಡುವ ಕೆಲಸವನ್ನು ಬಿಸಿಲು ಮಾಡುತ್ತದೆ; ಕರಿಯುವುದೊಂದು ಬಾಕಿ, ಅದಕ್ಕೆ ಕೆಲವೇ ಕ್ಷಣ ಸಾಕು.

ಮೊದಲೇ ಮಾಡಿಡಲು ಕಾರಣ

ಹಬ್ಬದ ದಿನ ಅಡುಗೆಮನೆಗೆ ಬಿಡುವು ಸಿಗಲೆಂಬುದು ಒಂದು ಕಾರಣವಷ್ಟೇ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ನಾಗರಪಂಚಮಿಯ ದಿನ ಕರಿಯುವುದು, ಹುರಿಯುವುದು ನಿಷಿದ್ಧ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಕೊಡುವ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮೊದಲೇ ಸಿದ್ಧವಾಗಿರಲೇಬೇಕು. ಅಷ್ಟಮಿಯಂದು ಹಗಲೆಲ್ಲ ಉಪವಾಸ, ಪೂಜೆ ರಾತ್ರಿ. ಆದ್ದರಿಂದ ನೈವೇದ್ಯದ ತಿಂಡಿಗಳನ್ನು ಮಡಿಯಲ್ಲಿ ಮುಂಚಿತವಾಗಿ ಮಾಡುತ್ತಾರೆ. ಉಡುಪಿ ಕೃಷ್ಣಮಠದಲ್ಲೂ ಚಕ್ಕುಲಿ, ಉಂಡೆಗಳ ತಯಾರಿ ಹಬ್ಬಕ್ಕೆ ಮುನ್ನವೇ ನಡೆದು, ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ಹೊತ್ತಿಗೆ ಭಕ್ತರಿಗೆ ಹಂಚಿಕೆಯಾಗುತ್ತದೆ. ಮೈಸೂರು ಸೀಮೆಯ ದಸರೆಯಲ್ಲಿ ಗೊಂಬೆ ನೋಡಲು ಸಂಜೆ ಸಂಜೆ ಮಕ್ಕಳು ಬರುತ್ತಾರೆ. ಎಷ್ಟು ಮಕ್ಕಳು, ಯಾವ ಹೊತ್ತಿಗೆ ಎಂದು ಹೇಳಲಾಗದು. ಡಬ್ಬ ತುಂಬಿದ್ದರೆ ಮಾತ್ರ ಮನೆಯವರಿಗೆ ನಿಶ್ಚಿಂತೆ.

ಈ ನಿಶ್ಚಿಂತೆಗೆ ತೆತ್ತ ಬೆಲೆ ದೊಡ್ಡದು. ಗಿರಣಿ ಬರುವ ಮುಂಚೆ ಹಿಟ್ಟನ್ನೆಲ್ಲ ಬೀಸುಕಲ್ಲಿನಲ್ಲಿ ಬೀಸಬೇಕಿತ್ತು. ಹಪ್ಪಳದ ಹಿಟ್ಟು ಕುಟ್ಟಲು, ಲಟ್ಟಿಸಲು ಅಕ್ಕಪಕ್ಕದ ಮನೆಯವರು ಸೇರುತ್ತಿದ್ದರು. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರದು. 'ಮಾನಸೋಲ್ಲಾಸ' ಅರಸನ ಭೋಗವನ್ನು ವರ್ಣಿಸಿತು, 'ಸೂಪಶಾಸ್ತ್ರ' ಪಾಕವನ್ನು ಷಟ್ಪದಿಗೆ ಇಳಿಸಿತು. ಹಿಟ್ಟಿನ ಹದ ಬೆರಳಲ್ಲೇ ತಿಳಿಯುತ್ತಿದ್ದ ಹೆಂಗಸರ ಹೆಸರು ಎರಡರಲ್ಲೂ ಬರಲಿಲ್ಲ.

20ನೇ ಶತಮಾನದಲ್ಲಿ ಆ ಕೈಗುಣಕ್ಕೆ ಮಾರುಕಟ್ಟೆ ದೊರೆಯಿತು. ಬೆಂಗಳೂರು, ಮೈಸೂರುಗಳ ಕಾಂಡಿಮೆಂಟ್ಸ್ ಅಂಗಡಿಗಳು ಮನೆಯ ತಿಂಡಿಯನ್ನೇ ತೂಕಕ್ಕೆ ಮಾರತೊಡಗಿದವು. ಬೆಂಗಳೂರಿನ ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿ ಒಬ್ಬ ಹೆಂಗಸಿನ ಹಪ್ಪಳದ ದುಡಿಮೆಯಿಂದ ಬೆಳೆದು ಅವರ ಹೆಸರಿನಲ್ಲೇ ಪ್ರಸಿದ್ಧವಾಯಿತು. ವಿದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಗೆ ಇಂದಿಗೂ ಇವೇ ತಿಂಡಿಗಳು ಸೇರುತ್ತವೆ.

ಅಂಗಡಿಯ ಪೊಟ್ಟಣ ಅನುಕೂಲವೇ ಸರಿ. ಆದರೆ ಮನೆಮನೆಯ ಅಳತೆ, ಊರೂರಿನ ಹದ ಅದರಲ್ಲಿ ಉಳಿಯುವುದಿಲ್ಲ. ಓದುಗರು ಈ ಹಬ್ಬಕ್ಕೆ ಮುನ್ನ ಮನೆಯ ಹಿರಿಯರ ಜೊತೆ ಕೂತು ಅಕ್ಕಿ ಎಷ್ಟು, ಉದ್ದು ಎಷ್ಟು, ಯಾವ ಎಣ್ಣೆ, ಯಾರಿಂದ ಕಲಿತದ್ದು, ಯಾವ ಊರಿನಲ್ಲಿ ಎಂಬುದನ್ನೆಲ್ಲ ಬರೆದಿಡಲಿ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಅಂಥ ಬರಹಗಳನ್ನು ಸಂಗ್ರಹಿಸಿ, ಕಲಿಸಿದವರ ಹೆಸರಿನೊಡನೆ ಪ್ರಕಟಿಸಲಿ.