ಕೃಷ್ಣೆಯ ಹರಿಗೋಲು, ನಮ್ಮ ಹೊಲಿದ ಹಡಗು

ಧರೂರು ಎಂಬ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಅಪರೂಪ. ತೆಲಂಗಾಣದ ಗದ್ವಾಲ ಸೀಮೆಯಲ್ಲಿ, ಕೃಷ್ಣಾ ನದಿಯ ದಕ್ಷಿಣಕ್ಕಿರುವ ಊರು ಅದು. ನದಿಯ ಆಚೆ ಮಕ್ತಲ್, ನಾರಾಯಣಪೇಟೆ. ಪಶ್ಚಿಮಕ್ಕೆ ನಡೆದರೆ ರಾಯಚೂರು. ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಸಿಕ್ಕಿಕೊಂಡ ಈ ನೆಲವನ್ನು ಅಲ್ಲಿಯ ತೆಲುಗಿನಲ್ಲಿ ‘ನಡಿಗಡ್ಡ’ ಎನ್ನುತ್ತಾರೆ. 1956ರವರೆಗೆ ಗದ್ವಾಲ ತಾಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯೊಳಗೇ ಇತ್ತು. ಆ ವರ್ಷದ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಅದೇ ದಿನ ಕಾಸರಗೋಡು ನಮ್ಮ ಜಿಲ್ಲೆಯನ್ನು ಬಿಟ್ಟು ಕೇರಳಕ್ಕೆ ಸೇರಿತು. ಅಣ್ಣನ ಮನೆ ಗಡಿಯ ಈಚೆ, ತಂಗಿಯ ಮನೆ ಆಚೆ ಎಂದರೆ ಏನೆಂದು ಬ್ಯಾರಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ದೂರದ ಊರಿನ ವಿಷಯ ಎತ್ತಿದ್ದು ಒಂದು ದೋಣಿಯ ಕಾರಣಕ್ಕೆ. ಧರೂರಿನ ಬಳಿಯ ಜುರಾಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಇಂದಿಗೂ ಮೀನುಗಾರರು ದುಂಡಗಿನ ಬುಟ್ಟಿಯಂಥ ದೋಣಿಯಲ್ಲಿ ಬಲೆ ಬೀಸುತ್ತಾರೆ. ಕನ್ನಡದಲ್ಲಿ ಅದು ಹರಿಗೋಲು, ತೆಲುಗಿನಲ್ಲಿ ಪುಟ್ಟಿ. ಪರಿಸರಕ್ಕೆ ಹಾನಿಯಾಗದ ತಂತ್ರಜ್ಞಾನ ಎಂದಾಗ ನಮಗೆ ಸೋಲಾರ್ ಫಲಕ, ಬ್ಯಾಟರಿ ಗಾಡಿ ನೆನಪಾಗುತ್ತವೆ. ಹೊಗೆಯಿಲ್ಲದೆ, ಎಣ್ಣೆಯಿಲ್ಲದೆ, ಕನಿಷ್ಠ ಐನೂರು ವರ್ಷಗಳಿಂದ ಈ ನದಿಗಳಲ್ಲಿ ಓಡುತ್ತಿರುವ ಈ ಬುಟ್ಟಿಯನ್ನು ಯಾರೂ ತಂತ್ರಜ್ಞಾನ ಎಂದು ಕರೆಯುವುದಿಲ್ಲ.

ಅದರ ರಚನೆ ನೋಡಿ. ಬಿದಿರನ್ನು ಸೀಳಿ, ಆ ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡ ಹೆಣೆದು ತಳ ಮಾಡುತ್ತಾರೆ. ಆಮೇಲೆ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ದಪ್ಪನೆಯ ಅಂಚು ಕಟ್ಟುತ್ತಾರೆ. ಹಿಂದೆ ಹೊರಮೈಗೆ ದನದ ಅಥವಾ ಎಮ್ಮೆಯ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮೊಳೆ ಇಲ್ಲ, ಹಲಗೆ ಇಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಕೃಷ್ಣೆಯ ಪಾತ್ರದಲ್ಲಿ ಬಂಡೆಗಳು ಹೆಚ್ಚು; ಬಂಡೆಗೆ ತಾಗಿದರೆ ಬಿದಿರು ಬಾಗಿಕೊಡುತ್ತದೆ, ಒಡೆಯುವುದಿಲ್ಲ. ತೂತು ಬಿದ್ದರೆ ದಡಕ್ಕೆಳೆದು ಒಂದು ತುಂಡು ಹಾಳೆ, ಒಂದಿಷ್ಟು ಡಾಂಬರು ಹಾಕಿದರೆ ಮುಗಿಯಿತು. ಸಣ್ಣ ಹರಿಗೋಲಾದರೆ ಸಂಜೆ ಒಬ್ಬನೇ ಬೆನ್ನ ಮೇಲೆ ಹೊತ್ತು ಮನೆಗೆ ಹೋಗುತ್ತಾನೆ, ಮಳೆ ಬಂದರೆ ಅದೇ ಕೊಡೆ.

ಇದರ ಲಿಖಿತ ಇತಿಹಾಸವೂ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆ ದಾಟುವ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು. ನೇರ ಹೋಗಲಾರದೆ ತಿರುಗುತ್ತಲೇ ಇರುತ್ತವೆ ಎಂದು ಅವನು ಹೇಳುತ್ತಾನೆ.

ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಮುಂದೆ ವಿಜಾಪುರದ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫಿರಿಷ್ತಾ ಇದರಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ನದಿ ದಾಟಲು ತೆಪ್ಪಗಳೆಷ್ಟು ಸಿದ್ಧವಾಗಿವೆ ಎಂದು ಸುಲ್ತಾನ ಕೇಳಿದ. ತೊಗಲು ಹೊದಿಸಿದವು ನೂರು ಇವೆ, ಉಳಿದವು ಕೆಲವೇ ದಿನಗಳಲ್ಲಿ ಮುಗಿಯುತ್ತವೆ ಎಂಬ ಉತ್ತರ ಬಂತು. ಸುಲ್ತಾನ ಆ ಕೆಲವು ದಿನ ಕಾಯಲಿಲ್ಲ. ಸೋತು ಹಿಂದಿರುಗುವಾಗ ಅವನ ಸೈನಿಕರು ಅದೇ ನದಿಯಲ್ಲಿ ಮುಳುಗಿ ಸತ್ತರು. ಆನೆ, ಕುದುರೆ, ಫಿರಂಗಿಗಳ ಲೆಕ್ಕ ಹಾಕುವ ಇತಿಹಾಸದಲ್ಲಿ ಬುಟ್ಟಿ ಹೆಣೆಯುವವನ ಲೆಕ್ಕ ಒಂದು ಕ್ಷಣ ಮಾತ್ರ ಕಾಣಿಸಿ ಮರೆಯಾಗುತ್ತದೆ. 1803ರ ಮರಾಠಾ ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ನದಿ ದಾಟಲು ಮಾಡಿಸಿದ್ದೂ ಇಂಥದೇ ಬುಟ್ಟಿದೋಣಿಗಳನ್ನು.

ಗಲ್ಫ್ ಕಂಡ ನಮ್ಮವರಿಗೆ ಇನ್ನೊಂದು ಸಂಗತಿ ಹೇಳಬೇಕು. ಇರಾಕಿನ ಟೈಗ್ರಿಸ್, ಯುಫ್ರೆಟಿಸ್ ನದಿಗಳಲ್ಲೂ ದುಂಡು ದೋಣಿ ಇತ್ತು, ಹೆಸರು ಗುಫ್ಫ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿಗೆ ಬರುತ್ತಿದ್ದ ತೊಗಲಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಸರಕಿನ ಜೊತೆಗೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಬರುತ್ತಿದ್ದರಂತೆ. ಊರು ಮುಟ್ಟಿದ ಮೇಲೆ ಚೌಕಟ್ಟನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ, ನಡೆದೇ ಹಿಂದಿರುಗುತ್ತಿದ್ದರು. 2014ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಸುಮಾರು 3,700 ವರ್ಷ ಹಳೆಯ ಬಾಬಿಲೋನಿನ ಮಣ್ಣಿನ ಹಲಗೆಯೊಂದನ್ನು ಓದಿ ಪ್ರಕಟಿಸಿದರು. ಮಹಾಪ್ರಳಯದ ಕಥೆಯ ಆ ಹಲಗೆಯಲ್ಲಿ ನೌಕೆಯ ಆಕಾರ ದುಂಡಗಿದೆ. ಹಗ್ಗ ಸುತ್ತಿ, ಡಾಂಬರು ಬಳಿದ ದೊಡ್ಡ ಹರಿಗೋಲು ಅದು.

ಈಗ ನಮ್ಮ ಕಡಲಿಗೆ ಬರೋಣ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರು, ಫಾರಸ್ ಮತ್ತು ಯೆಮನಿನ ವ್ಯಾಪಾರಿಗಳು ಬಂದಿಳಿಯುತ್ತಿದ್ದರು ಎಂದು ಬರೆದಿದ್ದಾನೆ. ಅರಬ್ಬಿ ಕಡಲಿನ ಹಡಗುಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದುದನ್ನೂ ಅವನು ವಿವರಿಸುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹಗ್ಗದಿಂದ ಹೊಲಿದದ್ದು ಸ್ವಲ್ಪ ಬಾಗಿ ಉಳಿಯುತ್ತದೆ. ಕೃಷ್ಣೆಯ ಅಂಬಿಗ ಬಿದಿರಿನಲ್ಲಿ ಕಂಡದ್ದನ್ನೇ ಕಡಲಿನವರು ತೆಂಗಿನ ನಾರಿನಲ್ಲಿ ಕಂಡಿದ್ದರು. ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಕೈಗೆ ಸಿಗುವ ವಸ್ತು, ಎದುರಿಗಿರುವ ಬಂಡೆ, ಊರಿನಲ್ಲೇ ಆಗಬೇಕಾದ ರಿಪೇರಿ, ಈ ಮೂರೂ ಸೇರಿದಲ್ಲಿ ಬುದ್ಧಿ ಒಂದೇ ದಾರಿ ಹಿಡಿಯಿತು. ಬಂದರಿನಿಂದ ಹೆಂಚು, ಅಕ್ಕಿ ತುಂಬಿಕೊಂಡು ಹೊರಡುತ್ತಿದ್ದ ಹಾಯಿಯ ಮಂಜಿಗಳೂ ಗಾಳಿಯನ್ನೇ ನಂಬಿದ್ದವು.

ಹರಿಗೋಲಿನ ಕಾಲ ಮುಗಿಯಿತು ಎಂದು ಹಲವು ಸಲ ಅನಿಸಿದ್ದುಂಟು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು, ಕೃಷ್ಣೆಯ ಮೇಲೆ ರೈಲು ಓಡಿತು. ನಿಜಾಮರ ಕಾಲದಲ್ಲಿ ದೇವಸೂಗೂರಿನ ಬಳಿ ರಸ್ತೆ ಸೇತುವೆಯೂ ಆಯಿತು. ಅದರ ಹೆಸರು ಸಿರಾತೆ ಜೂದಿ. ನೂಹ್ ನಬಿಯ ಕಪ್ಪಲ್ ನಿಂತ ಜೂದಿ ಬೆಟ್ಟದ ಕಥೆ ಕೇಳಿ ಬೆಳೆದವರಿಗೆ ಆ ಹೆಸರು ಓದಿದ ಕೂಡಲೇ ನೌಕೆಯೇ ಕಣ್ಣ ಮುಂದೆ ಬರುತ್ತದೆ. ಆದರೂ ಹರಿಗೋಲು ಹೋಗಲಿಲ್ಲ. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಹಂಪಿಯ ದಡದಿಂದ ಆಚೆ ಹೋಗಬೇಕಾದವರನ್ನು ಆಗಲೂ ದಾಟಿಸಿದ್ದು ದೋಣಿಯೇ.

ಇಷ್ಟು ಓದಿ, ಹಳೆಯದೆಲ್ಲ ಒಳ್ಳೆಯದು ಎಂದು ಎದ್ದುಬಿಟ್ಟರೆ ನಾವು ಅರ್ಧ ಮಾತ್ರ ಕಂಡಂತೆ. ರಾಯಚೂರು ಮತ್ತು ಮಕ್ತಲ್ ನಡುವೆ ಕೃಷ್ಣೆಯಲ್ಲಿ ಜನವಸತಿಯ ನಡುಗಡ್ಡೆಗಳಿವೆ. ಮೇಲೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಅವರಿಗೆ ದಾರಿ ಮುಚ್ಚುತ್ತದೆ. ಬಸುರಿಗೆ ನೋವು ಬಂದರೂ, ಮಗುವಿಗೆ ಜ್ವರ ಬಂದರೂ ಹರಿಗೋಲನ್ನೇ ನಂಬಬೇಕು. 2020ರ ಆಗಸ್ಟಿನಲ್ಲಿ ಈ ಭಾಗದಲ್ಲೇ ಹರಿಗೋಲು ಮಗುಚಿ ಜನ ಕೊಚ್ಚಿಹೋದರು. ನಡುಗಡ್ಡೆಯವರು ವರ್ಷಗಳಿಂದ ಸೇತುವೆ ಕೇಳುತ್ತಿದ್ದಾರೆ. ಅವರ ಮುಂದೆ ನಿಂತು ಹರಿಗೋಲಿನ ಗುಣಗಾನ ಮಾಡುವ ಮುಖ ನಮಗಿಲ್ಲ. ನೇತ್ರಾವತಿಗೆ ಸೇತುವೆ ಆಗುವ ಮೊದಲು ಉಳ್ಳಾಲದ ಕಡವಿನಲ್ಲಿ ಮಳೆಗಾಲದ ಹೊಳೆ ದಾಟಿದ ಹಿರಿಯರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಇನ್ನೊಂದು ಅನ್ಯಾಯವೂ ಇದೆ. ಅದೇ ನದಿಯ ದಂಡೆಯಲ್ಲಿ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಕೇಂದ್ರವಿದೆ, ಸಾಮರ್ಥ್ಯ 1,720 ಮೆಗಾವ್ಯಾಟ್. ಕೆಳಗೆ ಧರೂರಿನ ಬಳಿ ಜುರಾಲಾದಲ್ಲಿ 234 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ. ಅಲ್ಲಿಯ ವಿದ್ಯುತ್ತು ದೂರದ ಊರುಗಳ ದೀಪ ಉರಿಸುತ್ತದೆ, ನಮ್ಮ ಮನೆಯ ಫ್ಯಾನ್ ಕೂಡ ಅದೇ ಜಾಲಕ್ಕೆ ಸೇರಿದ್ದು. ಹೊಗೆ ಮತ್ತು ಬೂದಿಯ ಪಾಲು ಮಾತ್ರ ಅಲ್ಲಿಯವರಿಗೆ. ವಾತಾವರಣಕ್ಕೆ ಏನೂ ಹಾನಿ ಮಾಡದ ಅಂಬಿಗನಿಗೇ ನೆರೆಯ ಪೆಟ್ಟು ಮೊದಲು.

ಹಾಗಾದರೆ ಹರಿಗೋಲಿನಿಂದ ಕಲಿಯಬೇಕಾದದ್ದೇನು? ಎಲ್ಲರೂ ಬುಟ್ಟಿಯಲ್ಲಿ ಹೊಳೆ ದಾಟಬೇಕು ಎಂದಲ್ಲ. ನಡುಗಡ್ಡೆಗೆ ಸೇತುವೆ ಬೇಕು, ಅಂಬಿಗನಿಗೆ ಲೈಫ್ ಜಾಕೆಟ್ ಬೇಕು, ನೀರು ಬಿಡುವ ಸುದ್ದಿ ಹೊತ್ತಿಗೆ ಮುಂಚೆ ಮುಟ್ಟಬೇಕು. ಆದರೆ ನಾಳೆಗೆಂದು ನಾವು ಏನನ್ನೇ ಕೊಂಡರೂ, ಮನೆಯ ಮೇಲಿನ ಸೋಲಾರ್ ಆಗಲಿ, ತೋಟದ ಪಂಪ್ ಆಗಲಿ, ಅಂಬಿಗ ಕೇಳುವ ಪ್ರಶ್ನೆಗಳನ್ನು ಕೇಳಬಹುದು. ಕೆಟ್ಟರೆ ನಮ್ಮ ಊರಿನಲ್ಲಿ ಯಾರು ಸರಿಮಾಡುತ್ತಾರೆ? ಸಾಮಾನು ಇಲ್ಲೇ ಸಿಗುತ್ತದೆಯೇ? ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದ ಹಾಗೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಯೇ? ಅದನ್ನು ಬಲ್ಲ ಕೈಗೆ ನಾವು ಸರಿಯಾದ ಕೂಲಿ ಕೊಡುತ್ತೇವೆಯೇ?

ಕೊನೆಯ ಪ್ರಶ್ನೆ ನಮ್ಮ ಮನೆಯದ್ದು. ಮಂಜಿಯ ಹಾಯಿ ಹೊಲಿದವರು, ಹುರಿಹಗ್ಗ ಹೊಸೆದವರು, ಗಾಳಿ ನೋಡಿ ಹೊರಡುವ ದಿನ ಹೇಳಿದವರು ನಮ್ಮ ಕುಟುಂಬಗಳಲ್ಲೇ ಇದ್ದರು. ಅವರ ಮಾತಿನಲ್ಲಿ ಗಾಳಿಗೆ, ಗಂಟಿಗೆ, ಹಲಗೆಗೆ ಇದ್ದ ಬ್ಯಾರಿ ಪದಗಳು ಅವರೊಂದಿಗೇ ಹೋಗುತ್ತಿವೆ. ಮನೆಯಲ್ಲಿ ಅಂಥ ಹಿರಿಯರು ಒಬ್ಬರಾದರೂ ಉಳಿದಿದ್ದರೆ, ಈ ಶುಕ್ರವಾರ ಊಟವಾದ ಮೇಲೆ ಅವರ ಪಕ್ಕ ಕುಳಿತು ಕೇಳಿ, ಬರೆದಿಡಿ.