‘ಶಾಂತಲೆ’ ಎಂಬ ಹೆಸರು

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯ ಹೆಸರನ್ನು ‘ಶಾಂತಸ್ವಭಾವದವಳು’ ಎಂದು ಅರ್ಥೈಸಿ ಸುಮ್ಮನಾಗುವುದು ವಾಡಿಕೆ. ಶೀತಲ, ಶ್ಯಾಮಲ ಮೊದಲಾದ ಸಂಸ್ಕೃತ ಶಬ್ದಗಳ ಸಾದೃಶ್ಯವೇ ಇದಕ್ಕೆ ಕಾರಣವಿರಬೇಕು. ಆದರೆ ಆ ಅರಸನ ತಾಯಿ ಏಚಲದೇವಿ. ಅವನ ಇನ್ನೊಬ್ಬ ರಾಣಿ ಬಮ್ಮಲದೇವಿ. ಅವನ ಅಣ್ಣ ಒಂದನೆಯ ಬಲ್ಲಾಳನು 1103ರಲ್ಲಿ ವರಿಸಿದ ಮೂವರು ಸೋದರಿಯರು ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿಯರು. ಏಚ, ಬಮ್ಮ ಎಂಬುವು ಆ ಕಾಲದ ಪುರುಷನಾಮಗಳು. ದಂಡನಾಯಕ ಗಂಗರಾಜನ ತಂದೆಯೇ ಏಚನೆಂಬವನು. ಇಂಥ ಪ್ರಕೃತಿಗಳ ಮೇಲೆ ಲಕಾರವು ಬಂದು ಸ್ತ್ರೀನಾಮಗಳಾದುವೆಂದು ಊಹಿಸಬಹುದು. ಶಾಂತಲೆಯನ್ನು ನಿಘಂಟಿನಲ್ಲಿ ಅರಸುವುದಕ್ಕಿಂತ ಈ ಪಂಕ್ತಿಯಲ್ಲಿ ಕುಳ್ಳಿರಿಸುವುದೇ ಯುಕ್ತವೆಂದು ನನ್ನ ಮತ.

ಪೂರ್ವಪದವೇನೋ ಸಂಸ್ಕೃತವೇ ಸರಿ. ತಾಯಿ ಮಾಚಿಕಬ್ಬೆ ಜೈನಳಾದುದರಿಂದ ಅದರಲ್ಲಿ ಶಾಂತಿನಾಥನ ಸ್ಮರಣೆಯೂ ಇದ್ದೀತು; ರಾಣಿಯು 1123ರಲ್ಲಿ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯಲ್ಲಿ ಪ್ರತಿಷ್ಠೆಮಾಡಿಸಿದುದು ಆ ತೀರ್ಥಂಕರನನ್ನೇ. ತಾಯಿಯ ಹೆಸರಿನ ಅಚ್ಚಗನ್ನಡದ ‘ಅಬ್ಬೆ’ ಮಾತ್ರ ಮಗಳಿಗೆ ಇಳಿದುಬರಲಿಲ್ಲ.

ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಕೆ. ವಿ. ಅಯ್ಯರ ‘ಶಾಂತಲಾ’ ಕಾದಂಬರಿಯು (1955) ಈ ಹೆಸರಿನ ಪ್ರಚಾರಕ್ಕೆ ಬಹಳ ನೆರವಾಯಿತೆಂದು ತೋರುತ್ತದೆ. ಈಗ ಹೆಣ್ಣುಮಕ್ಕಳಿಗೆ ಇಡುವುದು ಆ ದೀರ್ಘಾಂತರೂಪವನ್ನೇ. ಕನ್ನಡದ ಎಕಾರಕ್ಕೆ ತೊಟ್ಟಿಲಿನಲ್ಲಿ ಎಡೆಯಿಲ್ಲ.