ಹೆಸರಿಲ್ಲದ ಎಡೆ: ಜನಗಣತಿ, ಚರ್ಚಿನ ಪುಸ್ತಕ ಮತ್ತು ಹೆಳವರ ವಂಶಾವಳಿ

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅಜ್ಜಿ ಇರುವ ತನಕ ಒಂದೊಂದು ಎಲೆಯ ಮುಂದೆಯೂ ಒಂದೊಂದು ಹೆಸರು ಹೇಳೋರು. ಕೊನೇ ಎಲೆಗೆ ಮಾತ್ರ ಹೆಸರಿರಲಿಲ್ಲ. ಕೇಳಿದರೆ, "ಇದು ಧಾತು ಬರದಾಗೆ ಹೋದೋರಿಗೆ ಕಣಪ್ಪ" ಅಂತಿದ್ದರು. ಎಷ್ಟು ಜನ, ಯಾರು ಯಾರು ಅಂದರೆ ಅವರಿಗೂ ಗೊತ್ತಿರಲಿಲ್ಲ. ತಾತನ ತಾತ ಆ ಬರದಲ್ಲಿ ಉಳಿದ ಹುಡುಗ, ಸೋದರಮಾವನ ಮನೆಯಲ್ಲಿ ಬೆಳೆದವರು ಅನ್ನೋದಷ್ಟೇ ಮನೆಯವರಿಗೆ ಗೊತ್ತಿದ್ದ ಸಂಗತಿ. ಆ ಹುಡುಗನ ಅಪ್ಪ ಯಾರು?

ಸಾವಿರ ವರ್ಷದ ಹಿಂದೆ ಸತ್ತ ಯಾರದೋ ಹೆಸರನ್ನು ಕಲ್ಲಿನ ಮೇಲೆ ಓದಲು ಭಾನುವಾರವೆಲ್ಲ ಬಿಸಿಲಲ್ಲಿ ಕೂರುವವನು ನಾನು. ನೂರೈವತ್ತು ವರ್ಷದ ಹಿಂದಿನ ನಮ್ಮವರದೇ ಒಂದು ಹೆಸರು ಗೊತ್ತಿಲ್ಲ ಅನ್ನೋದು ಚುಚ್ಚುತ್ತಿತ್ತು. ಹುಡುಕಲು ಹೊರಟಾಗ ಮೊದಲು ನೆನಪಾದದ್ದು ಜನಗಣತಿ.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಗಣತಿ ನಡೆಯಿತು. ಆಗಿನ ಜನಸಂಖ್ಯೆ 50,55,412. ಮುಂದಿನ ಗಣತಿ 1881ರ ಫೆಬ್ರವರಿ 17ರಂದು. ಆಗ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು, ಶೇಕಡಾ 17ರಷ್ಟು. ನಡುವೆ ಬಂದದ್ದು 1876–78ರ ಕ್ಷಾಮ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದದ್ದರಿಂದ ಜನರ ಬಾಯಲ್ಲಿ ಅದು ಧಾತು ಬರ.

1881ರ ಗಣತಿಯ ವರದಿ ಬರೆದವರ ಹೆಸರು ನಮಗೆಲ್ಲ ಗೊತ್ತು: ಬಿ. ಎಲ್. ರೈಸ್. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಮಿಷನರಿ ಮಗ. ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ನಮಗೆ ಉಳಿಸಿಕೊಟ್ಟವರು. ಒಬ್ಬರೇ ಮನುಷ್ಯ, ಎರಡು ಪಟ್ಟಿ. ಒಂದರಲ್ಲಿ ತುಂಬೆಪಾಡಿಯ ಕಾಳಗದಲ್ಲಿ ಮಡಿದ ಬೇಗೂರಿನ ನಾಗತ್ತರನಿಗೆ ಹೆಸರಿದೆ, ತುರುಗಳನ್ನು ಬಿಡಿಸಲು ಹೋಗಿ ಸತ್ತ ಎಷ್ಟೋ ಊರುಗಳ ಸಾಮಾನ್ಯರಿಗೆ ಹೆಸರಿದೆ. ಇನ್ನೊಂದರಲ್ಲಿ ಸುಮಾರು 42 ಲಕ್ಷ ಜೀವಂತ ಮನುಷ್ಯರಿದ್ದಾರೆ, ಒಬ್ಬರಿಗೂ ಹೆಸರಿಲ್ಲ.

ಇದು ರೈಸ್ ಅವರ ತಪ್ಪಲ್ಲ. ನಮ್ಮ ಗಣತಿಯ ರೀತಿಯೇ ಹಾಗಿತ್ತು. ಗಣತಿದಾರ ಮನೆ ಮನೆಗೆ ಹೋಗಿ ಫಾರಂ ತುಂಬುತ್ತಿದ್ದ. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ "ಹೆಣ್ಣು" ಅಂತ ಬರೆದುಕೊಳ್ಳುವ ಪದ್ಧತಿ ಇತ್ತು. ಕಚೇರಿಯಲ್ಲಿ ಜಾತಿ, ಕಸುಬು, ವಯಸ್ಸು ಅಂತ ಎಣಿಸಿ ಕೋಷ್ಟಕ ಮಾಡಿದ ಮೇಲೆ ಆ ಕಾಗದಗಳ ಕೆಲಸ ಮುಗಿಯಿತು. ಅವನ್ನು ಇಟ್ಟುಕೊಳ್ಳಲಿಲ್ಲ. ಇವತ್ತಿಗೂ 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿಯ ಮೂಲ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಇಂಗ್ಲೆಂಡಿನಲ್ಲಿ 1841ರಿಂದಾಚೆಗಿನ ಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷ ಕಳೆದ ಮೇಲೆ ಜನರಿಗೆ ತೆರೆದಿಡುತ್ತಾರೆ. 1921ರ ಗಣತಿ 2022ರ ಜನವರಿಯಲ್ಲಿ ಹೊರಬಂತು. ಅಲ್ಲಿನವರು ಮುತ್ತಜ್ಜನ ಮನೆಯಲ್ಲಿ ಆ ರಾತ್ರಿ ಯಾರು ಯಾರಿದ್ದರು ಅಂತ ಕೂತಲ್ಲೇ ನೋಡಬಹುದು. ನಮಗೆ ಆ ಬಾಗಿಲೇ ಇಲ್ಲ.

ಹಾಗಾದರೆ ಹೆಸರನ್ನು ಯಾರು ಉಳಿಸಿದರು? ಚರ್ಚುಗಳು. ಇಂಗ್ಲೆಂಡಿನಲ್ಲಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆಯಬೇಕೆಂದು ಆಜ್ಞೆ ಮಾಡಿದ. ಕಥೋಲಿಕರಲ್ಲಿ ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಯ ದಾಖಲೆ ಕಡ್ಡಾಯ ಮಾಡಿತು. ಮದುವೆಯ ದಾಖಲೆ ಯಾಕೆ ಬೇಕು? ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಆಗಬಾರದು, ಒಬ್ಬರಿಗೆ ಎರಡು ಮದುವೆ ಆಗಬಾರದು. ಇದಕ್ಕೆ ತಲೆ ಎಣಿಸಿದರೆ ಸಾಲದು, ಹೆಸರು, ಅಪ್ಪ ಅಮ್ಮ, ಸಾಕ್ಷಿಗಳು ಎಲ್ಲ ಬೇಕು.

ಬೆಂಗಳೂರು ದಂಡಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಾಗಾಗಿ ಇಲ್ಲಿ ಸತ್ತ ಗೋರಾ ಸಿಪಾಯಿಯ ಹೆಸರು ಅವನ ಮರಿಮಗಳಿಗೆ ಸಿಗುತ್ತದೆ. ಅದೇ ಸಿಪಾಯಿಯ ಮಗುವಿನ ತಾಯಿ ಇಲ್ಲಿಯವಳಾಗಿದ್ದರೆ, ಎಷ್ಟೋ ಸಲ ಅವಳ ಜಾಗದಲ್ಲಿ ಚರ್ಚಿನಲ್ಲಿ ಇಟ್ಟ ಒಂದು ಹೆಸರು ಮಾತ್ರ ಇರುತ್ತದೆ, ಅಥವಾ ಅದೂ ಇರುವುದಿಲ್ಲ. ಅಪ್ಪ ಯಾರು, ಊರು ಯಾವುದು, ಏನೂ ಇಲ್ಲ. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಬರೆಯುವವನಿಗೆ ಬೇಕಾದ್ದು ಮಾತ್ರ ಅದರಲ್ಲಿರುತ್ತೆ. ಶಾಸನ ಓದುವವರಿಗೆ ಇದು ಹೊಸದೇನಲ್ಲ. ದಾನ ಕೊಟ್ಟವನು, ಪಡೆದವನು, ಸಾಕ್ಷಿ ಎಲ್ಲ ಇರುತ್ತಾರೆ, ಆ ಗದ್ದೆ ಉತ್ತವನು ಇರೋದಿಲ್ಲ.

ಮೂಲವೇ ನಾಶವಾದರೆ? ಐರ್ಲೆಂಡಿನದು ನಾವು ತಿಳಿದುಕೊಳ್ಳಬೇಕಾದ ಕಥೆ. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಗಣತಿಗಳ ಬಹುಪಾಲು ಹಾಳೆಗಳು, ಅಲ್ಲಿ ತಂದಿಟ್ಟಿದ್ದ ಪ್ರಾಟೆಸ್ಟೆಂಟ್ ಚರ್ಚುಗಳ ಎಷ್ಟೋ ಪುಸ್ತಕಗಳು ಹೋದವು. ಆದರೆ 1909ರಲ್ಲಿ ಅಲ್ಲಿ 70 ದಾಟಿದವರಿಗೆ ಪಿಂಚಣಿ ಶುರುವಾಗಿತ್ತು. ಹಳ್ಳಿಯ ಮುದುಕರ ಹತ್ತಿರ ಜನನಪತ್ರ ಇರಲಿಲ್ಲ. "1841ರ ಗಣತಿಯಲ್ಲಿ ನಮ್ಮ ಮನೆ ಹುಡುಕಿ, ನಾನು ಮಗು ಆಗಿದ್ದೆ" ಅಂತ ಅರ್ಜಿ ಹಾಕಿದರು. ಗುಮಾಸ್ತರು ಹುಡುಕಿ ಅರ್ಜಿಯ ಮೇಲೆ ಬರೆದುಕೊಂಡ ಟಿಪ್ಪಣಿಗಳು ಉಳಿದವು. ಮೂಲ ಬೂದಿಯಾದ ಮೇಲೆ ಆ ಟಿಪ್ಪಣಿಗಳೇ ಆಧಾರ. ಕಲ್ಲು ರಸ್ತೆಯಡಿ ಹೋದ ಮೇಲೆ ನಾವು ರೈಸ್ ಅವರ ಪಾಠವನ್ನೇ ನಂಬಿಕೊಳ್ಳುವ ಹಾಗೆ.

ಇದರಿಂದ ನಾನು ಕಲಿತದ್ದು ಒಂದು: ಮೂಲ ಇಲ್ಲ ಅಂತ ಕೈಬಿಡಬಾರದು, ಬೇರೆ ಯಾವುದೋ ಕಾರಣಕ್ಕೆ ಬೇರೆ ಯಾರೋ ಆ ಹೆಸರು ಬರೆದುಕೊಂಡಿರಬಹುದು. ನಮ್ಮಲ್ಲಿ ಹಾಗೆ ಬರೆದುಕೊಂಡವರು ಮುಖ್ಯವಾಗಿ ಇಬ್ಬರು, ಹೆಳವರು ಮತ್ತು ಕಂದಾಯ ಇಲಾಖೆ.

ಹೆಳವರು ಎತ್ತಿನ ಜತೆ ಊರೂರಿಗೆ ಬಂದು ಒಕ್ಕಲು ಮನೆಗಳ ವಂಶ ಹೇಳಿ ದವಸ ಪಡೆಯುವವರು. ಯಾವ ಮನೆ ಯಾವ ಹೆಳವರದು ಅನ್ನೋದು ಹಿಂದಿನಿಂದ ಬಂದದ್ದು. ನಮ್ಮ ಮನೆಗೆ ಬರುತ್ತಿದ್ದವರು ಎಷ್ಟೋ ವರ್ಷದಿಂದ ಬಂದಿರಲಿಲ್ಲ. ದೊಡ್ಡಪ್ಪನ ನೆನಪು ಹಿಡಿದು ಅವರ ಊರು ಹುಡುಕಿಕೊಂಡು ಹೋದೆ. ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕ ಬಿಚ್ಚಿ, "ನಿಮ್ಮದು ಇಲ್ಲಿದೆ ಸ್ವಾಮಿ" ಅಂತ ರಾಗವಾಗಿ ಓದಿದರು. ತಾತನ ತಾತನ ಹೆಸರು ಬಂತು. ಅದರ ಹಿಂದೆ ಒಂದು ಹೆಸರು, ಪಕ್ಕದಲ್ಲಿ "ಧಾತು ಸಂವತ್ಸರದ ಬರಕ್ಕೆ" ಅಂತ ಮೂರು ಪದ.

ಕುಣಿಯುವ ಹಾಗಾಯ್ತು, ಆದರೆ ಶಾಸನದ ಅಭ್ಯಾಸ ಬಿಡಲಿಲ್ಲ. ಒಂದು, ಹೆಳವರ ಪುಸ್ತಕ ಪ್ರತಿಯ ಮೇಲೆ ಪ್ರತಿ, ತಲೆಮಾರು ಬಿಟ್ಟುಹೋಗಿರಬಹುದು. ಎರಡು, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಶಕವರ್ಷ ಇಲ್ಲ, ತಿಥಿ ವಾರ ಇಲ್ಲ. ಧಾತು ಅಂದರೆ 1816 ಆಗಬಹುದು, 1876 ಆಗಬಹುದು. ಎರಡನೇ ಸಾಕ್ಷಿ ಬೇಕು.

ಅದು ಸಿಕ್ಕಿದ್ದು ತಾಲ್ಲೂಕು ಕಚೇರಿಯಲ್ಲಿ, ಕ್ಷಾಮ ಕಳೆದ ಮೇಲಿನ ಒಂದು ಹಳೆಯ ಜಮೀನು ಪುಸ್ತಕದಲ್ಲಿ. ಮಡಚಿದ ಕಡೆ ಪುಡಿಯಾಗುತ್ತಿದ್ದ ಹಾಳೆ. ಪಟ್ಟೇದಾರನ ಕಾಲಂನಲ್ಲಿ ಆ ಹುಡುಗನ ಹೆಸರು, ಮುಂದೆ "ಬಿನ್", ಅದರ ಮುಂದೆ ಹೆಳವರು ಓದಿದ ಅದೇ ಹೆಸರು. ಇವತ್ತಿನ ಪಹಣಿಯಲ್ಲೂ ನಾವು ನೋಡುವ ಈ "ಬಿನ್" ಅರಬ್ಬಿಯಿಂದ ಬಂದ ಪದ, ಮಗ ಅಂತ ಅರ್ಥ. ಒಬ್ಬರು ದವಸಕ್ಕೆ ಬರೆದುಕೊಂಡದ್ದು, ಇನ್ನೊಬ್ಬರು ಕಂದಾಯಕ್ಕೆ. ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆದದ್ದಲ್ಲ. ಮಗ 1880ರ ದಶಕದಲ್ಲಿ ಪಟ್ಟೇದಾರ, ಬರ ಬಂದಾಗ ಹುಡುಗ, ಅಂದಮೇಲೆ 1816 ಬಿದ್ದುಹೋಯಿತು.

ಆ ಹೆಸರು ಹೊಸದೇನೂ ಆಗಿರಲಿಲ್ಲ. ನಮ್ಮ ಮುತ್ತಾತನ ಹೆಸರೂ ಅದೇ. ಬರದಲ್ಲಿ ಉಳಿದ ಹುಡುಗ ದೊಡ್ಡವನಾಗಿ, ತನ್ನ ಹಿರಿಮಗನಿಗೆ ಅಪ್ಪನ ಹೆಸರಿಟ್ಟಿದ್ದ. ಅಜ್ಜಿ ಪ್ರತಿ ವರ್ಷ ಇನ್ನೊಂದು ಎಲೆಯ ಮುಂದೆ ಅದನ್ನು ಹೇಳುತ್ತಲೇ ಇದ್ದರು.

ನೀವೂ ಹುಡುಕುವವರಿದ್ದರೆ ಮೊದಲು ಮನೆಯಲ್ಲಿ ತಿರುತಿರುಗಿ ಬರುವ ಹೆಸರುಗಳನ್ನು ಬರೆದುಕೊಳ್ಳಿ. ಶಾಲೆಯ ದಾಖಲಾತಿ ಪುಸ್ತಕ, ಹಳೇ ಕ್ರಯಪತ್ರ, ಯಾತ್ರೆ ಹೋದ ಕಡೆಯ ಪುರೋಹಿತರ ವಹಿ, ಚರ್ಚಿನವರಾದರೆ ಪ್ಯಾರಿಷ್ ಪುಸ್ತಕ, ಎಲ್ಲ ನೋಡಿ. ಹೆಳವರ ಪುಸ್ತಕ ಸಿಕ್ಕರೆ ಅವರ ಒಪ್ಪಿಗೆ ಪಡೆದು ಫೋಟೋ ತೆಗೆಯಿರಿ, ಅವರ ದವಸದ ಪಾಲು ಮರೆಯಬೇಡಿ. ಎರಡು ಬೇರೆ ಬೇರೆ ಕಡೆ ಸಿಗುವ ತನಕ ಯಾವ ಹೆಸರನ್ನೂ ಖಚಿತ ಅನ್ನಬೇಡಿ.

ಹೊರಡುವಾಗ ಹೆಳವರನ್ನು ಕೇಳಿದೆ: ಆ ಬರದಲ್ಲಿ ಹೋದ ಹೆಂಡತಿ, ಹೆಣ್ಣುಮಕ್ಕಳು? "ಹೆಣ್ಮಕ್ಕಳನ್ನ ನಾವು ಬರ್ಕೊಳ್ಳಲ್ಲ ಸ್ವಾಮಿ, ಅವರು ಬೇರೆ ಮನೆಗೆ ಹೋಗೋರು" ಅಂದರು. ಜಮೀನು ಪುಸ್ತಕದಲ್ಲೂ ಅವರಿಲ್ಲ. ಈ ಸಲ ಮಹಾಲಯಕ್ಕೆ ಒಂದು ಎಲೆ ಹೆಚ್ಚು ಹಾಕಿ ಆ ಹಿರಿಯರ ಹೆಸರು ಹೇಳಿದೆವು. ಕೊನೇ ಎಲೆಯನ್ನು ತೆಗೆಯಲಿಲ್ಲ.